ನ್ಯಾಮತಿಯ ಮನೆಯೊಂದಕ್ಕೆ ನಾಲ್ಕು ಹೊಸ ಸ್ಪೀಕರ್ ಜೋಡಿಸಿದ ಬಗ್ಗೆ

ಮಾನ್ಯ ಓದುಗ ಮಹಾಶಯರಲ್ಲಿ,

ಮೊಟ್ಟಮೊದಲಿಗೆ ಕ್ಷಮೆ ಕೋರಿ ಬರೆಯಲು ಆರಂಭಿಸುತ್ತೇನೆ. ನನ್ನ ಅಕ್ಷರ ದುಂಡಗಿಲ್ಲ. ಒತ್ತಕ್ಷರಗಳು ಕೆಳಗಿನ ಸಾಲಿಗೆ ಹೋಗಿ ತಾಗುತ್ತವೆ. ಅಲ್ಪಪ್ರಾಣ ಎಲ್ಲಿ, ಮಹಾಪ್ರಾಣ ಎಲ್ಲಿ ಎಂಬ ಸಂದೇಹ ಶಾಲೆಯ ದಿನಗಳಿಂದ ಹಾಗೆಯೇ ಉಳಿದುಕೊಂಡಿದೆ. ಇದುವರೆಗೆ ನಾನು ಬರೆದಿರುವುದೆಲ್ಲ ವಿದ್ಯುತ್ ಕಚೇರಿಗೆ ಸಲ್ಲಿಸುವ ಅರ್ಜಿಗಳು ಮಾತ್ರ: ಹೊಸ ಮೀಟರ್ ಕೋರಿ, ಕಂಬ ಪಕ್ಕಕ್ಕೆ ಸರಿಸಲು ಕೋರಿ, ಲೋಡ್ ಹೆಚ್ಚಿಸಲು ಕೋರಿ. ಆ ಧಾಟಿಯೇ ಇಲ್ಲಿಯೂ ಬಂದಿದ್ದರೆ, ಬೇರೆ ಧಾಟಿ ಇವನಿಗೆ ತಿಳಿಯದೆಂದು ಭಾವಿಸಿ ಮನ್ನಿಸಬೇಕಾಗಿ ವಿನಂತಿ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರಿಕೆ ಮಾಡಿಕೊಳ್ಳುವುದೇನೆಂದರೆ, ನಾನು ಚನ್ನಗಿರಿಯಲ್ಲಿ ಮನೆಗಳ ವೈರಿಂಗ್ ಕೆಲಸವನ್ನೂ, ಕೇಳಿದವರಿಗೆ ಮನೆಯೊಳಗೇ ಚಿತ್ರಮಂದಿರದಂತಹ ಧ್ವನಿವ್ಯವಸ್ಥೆಯನ್ನು ಜೋಡಿಸಿಕೊಡುವ ಕೆಲಸವನ್ನೂ ಮಾಡುತ್ತೇನೆ. ನ್ಯಾಮತಿಯ ಸದರಿ ಮನೆಗೆ ಕೆಲವು ವರ್ಷಗಳ ಹಿಂದೆ ಐದು ಸ್ಪೀಕರ್‌ಗಳನ್ನು ಜೋಡಿಸಿದವನು ನಾನೇ. ಟಿವಿಯ ಕೆಳಗೆ ನಡುವಿನದೊಂದು, ಅದರ ಎಡಬಲಕ್ಕೆ ಎರಡು, ಕೂರುವವರ ಅಕ್ಕಪಕ್ಕದ ಗೋಡೆಗಳಿಗೆ ಎರಡು. ಇವಲ್ಲದೆ ದಪ್ಪ ಸದ್ದಿಗೆಂದು ಮೂಲೆಯಲ್ಲಿ ಒಂದು ವೂಫರ್. ಮನೆಯ ಯಜಮಾನರು ಹೊನ್ನಾಳಿಯಲ್ಲಿ ಬೀಜ ಗೊಬ್ಬರದ ಅಂಗಡಿ ನಡೆಸುತ್ತಿದ್ದು ಈಗ ವಿಶ್ರಾಂತಿಯಲ್ಲಿರುವವರು. ಅವರ ಧರ್ಮಪತ್ನಿ ಸವಳಂಗದ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಅವರನ್ನು ಊರಿನವರಂತೆ ನಾನೂ ಟೀಚರಮ್ಮ ಎಂದೇ ಕರೆಯುತ್ತೇನೆ.

ಯಜಮಾನರು ದೂರವಾಣಿ ಮಾಡಿ, ಇನ್ನೂ ನಾಲ್ಕು ಸ್ಪೀಕರ್ ಹಾಕಬೇಕು, ಬಂದು ಜಾಗ ನೋಡಿಕೊಂಡು ಹೋಗಬೇಕು ಎಂದು ತಿಳಿಸಿದರು. ಹೊಸದನ್ನು ಕಂಡು ಆಸೆಪಟ್ಟು ಕೇಳುತ್ತಿದ್ದಾರೆಂದು ನಾನು ತಿಳಿದಿದ್ದೆ. ಹೊನ್ನಾಳಿಯ ಸೇತುವೆ ದಾಟಿ ನ್ಯಾಮತಿ ತಲುಪಿ ಅವರ ಮನೆಯ ಮುಂದೆ ಬೈಕು ನಿಲ್ಲಿಸಿದಾಗ ಅವರು ನನ್ನನ್ನು ಒಳಗೆ ಕರೆಯಲಿಲ್ಲ. ಕಾಂಪೌಂಡಿನ ಕಟ್ಟೆಯ ಮೇಲೆ ಕೂರಿಸಿಕೊಂಡು, ಟೀಚರಮ್ಮನವರ ಕಣ್ಣಿನ ವಿಷಯ ಹೇಳಿದರು. ಕಣ್ಣಿನೊಳಗಿನ ಒತ್ತಡ ಹೆಚ್ಚಾಗುವ ಕಾಯಿಲೆ. ತಿಳಿಯುವಷ್ಟರಲ್ಲಿ ತಡವಾಗಿತ್ತು. ಈಗ ಅವರಿಗೆ ಬೆಳಕು ಯಾವ ಕಡೆಯಿದೆ ಎಂಬುದಷ್ಟೇ ಗೊತ್ತಾಗುತ್ತದೆ.

“ಸಂಜೆ ಆತು ಅಂದ್ರೆ ಇಬ್ರೂ ಕುಂತು ಒಂದು ಸಿನಿಮಾ ನೋಡೋದು ನಮ್ಮ ರೂಢಿ,” ಎಂದರು ಯಜಮಾನರು. “ಈಗ ಆಕೆ ಹಾಲಿಗೇ ಬರಲ್ಲ. ನೀವು ನೋಡ್ರಿ, ನಾನು ಒಳಗಿರ್ತೀನಿ ಅಂತಾಳೆ. ಸುತ್ತ ನಾಕೂ ಕಡೆಯಿಂದ ಸದ್ದು ಬಂದ್ರೆ ಯಾರು ಎಲ್ಲಿದಾರೆ ಅಂತ ಕಿವಿಯಿಂದನೇ ಗೊತ್ತಾಗ್ತೈತಂತೆ. ಹೌದಾ?”

ಒಳಗೆ ಹೋದ ಮೇಲೆ ಟೀಚರಮ್ಮನವರು ಚಹಾ ಕೊಟ್ಟರು. ಲೋಟವನ್ನು ನನ್ನ ಕೈಗೆ ಒಂದು ಹನಿ ಚೆಲ್ಲದಂತೆ ಮುಟ್ಟಿಸಿದರು. ಅವರ ಮಾತು ಬೇರೆಯೇ ಇತ್ತು.

“ಕಣ್ಣಿನ ಕಾಟಕ್ಕಿಂತ ಇವರ ಕಾಟ ಜಾಸ್ತಿ. ಪಕ್ಕದಾಗೆ ಕುಂತು, ಈಗ ಬಾಗ್ಲು ತೆಗೆದ, ಈಗ ಒಳಗೆ ಬಂದ ಅಂತ ಹೇಳ್ತಾ ಇರ್ತಾರೆ. ಇವರು ಹೇಳಿ ಮುಗಿಸೋದ್ರಾಗೆ ಅವ್ನು ಹೊರಗೆ ಹೋಗಿರ್ತಾನೆ.”

ಯಜಮಾನರು ನಕ್ಕರು. ಆದರೆ ಅವರ ಕೈಯಲ್ಲಿದ್ದ ಲೋಟದ ಚಹಾ ಹಾಗೆಯೇ ಇತ್ತು.

ಇಲ್ಲಿ ನಾನು ಸತ್ಯವನ್ನು ಮುಚ್ಚಿಡಬಾರದೆಂದು ನಿರ್ಧರಿಸಿ, ಇಬ್ಬರ ಮುಂದೆಯೂ ವಿವರಿಸಿದೆ. ಸಿನಿಮಾದಲ್ಲಿ ಮಾತುಗಳು ಬಹುಪಾಲು ನಡುವಿನ ಸ್ಪೀಕರಿನಿಂದಲೇ ಬರುತ್ತವೆ. ಸ್ಪೀಕರ್ ಎಷ್ಟು ಹೆಚ್ಚಿಸಿದರೂ ಮಾತಾಡುವವರು ಕೋಣೆಯ ತುಂಬ ಓಡಾಡುವುದಿಲ್ಲ. ಅಕ್ಕಪಕ್ಕ, ಹಿಂದೆ, ಮೇಲೆ ಬರುವುದು ಬಾಗಿಲಿನ ಸದ್ದು, ಮಳೆ, ವಾಹನ, ಹೆಜ್ಜೆ ಇಂತಹವು. ಅದೂ ಈಚಿನ ಚಿತ್ರಗಳಲ್ಲಿ ಮಾತ್ರ. ಅವರು ಇಷ್ಟಪಡುವ ಹಳೆಯ ಚಿತ್ರಗಳ ಧ್ವನಿ ಹೆಚ್ಚೆಂದರೆ ಎಡ ಮತ್ತು ಬಲ ಎಂದು ಎರಡು ಭಾಗ. ಹಿಂದಿನಿಂದ ಬರಲು ಅದರಲ್ಲಿ ಏನೂ ಇಲ್ಲ. ಇದನ್ನು ಕೇಳಿ ಯಜಮಾನರ ಮುಖ ಸಣ್ಣಗಾಯಿತು. ಟೀಚರಮ್ಮನವರು ಮಾತ್ರ, ಹೆಜ್ಜೆ ಗೊತ್ತಾದರೂ ಆಗಲಿ, ಅಷ್ಟಾದರೆ ಸಾಕು ಎಂದರು. ಹೀಗೆ ಕೆಲಸ ನಿಶ್ಚಯವಾಯಿತು.

ಈ ನಾಲ್ಕರಲ್ಲಿ ಎರಡು ಕೂರುವವರ ಬೆನ್ನ ಹಿಂದಿನ ಗೋಡೆಗೆ, ಇನ್ನೆರಡು ತಲೆಯ ಮೇಲೆ ಜಿಪ್ಸಂ ಸೀಲಿಂಗಿನೊಳಗೆ. ಹಳೆಯ ರಿಸೀವರಿಗೆ, ಅಂದರೆ ಧ್ವನಿಯನ್ನು ವಿಂಗಡಿಸಿ ಪ್ರತಿ ಸ್ಪೀಕರಿಗೂ ಅದರ ಪಾಲನ್ನು ಕಳುಹಿಸುವ ಪೆಟ್ಟಿಗೆಗೆ, ಐದಕ್ಕಿಂತ ಹೆಚ್ಚು ನಡೆಸುವ ಶಕ್ತಿಯಿರಲಿಲ್ಲ. ಆದ್ದರಿಂದ ಒಂಬತ್ತು ಸ್ಪೀಕರ್ ನಡೆಸುವ ಹೊಸದನ್ನು ದಾವಣಗೆರೆಯಿಂದ ತರಿಸಲಾಯಿತು. ಸೀಲಿಂಗ್ ಕೊರೆಯುವುದು ನನ್ನ ಕೈಯ ಕೆಲಸವಲ್ಲ. ಅದಕ್ಕಾಗಿ ಜಗಳೂರಿನಲ್ಲಿರುವ ನನ್ನ ಷಡ್ಡಕನನ್ನು, ಅಂದರೆ ನನ್ನ ಹೆಂಡತಿಯ ತಂಗಿಯ ಗಂಡನನ್ನು ಕರೆಸಿಕೊಂಡೆ. ಆತ ಜಿಪ್ಸಂ ಕೆಲಸದಲ್ಲಿ ನುರಿತವನು. ಬಾಯಿ ಮಾತ್ರ ಕೈಗಿಂತ ಮುಂದೆ.

ಮೊದಲ ತೊಡಕು ಸೋಫಾದಿಂದ ಬಂತು. ಆ ಮನೆಯಲ್ಲಿ, ನಮ್ಮ ಕಡೆಯ ಎಲ್ಲ ಮನೆಗಳಂತೆ, ಸೋಫಾವನ್ನು ಹಿಂದಿನ ಗೋಡೆಗೆ ಒತ್ತಿ ಇಟ್ಟಿದ್ದರು. ಹಿಂದಿನ ಸ್ಪೀಕರಿಗೂ ಕೂತವರ ತಲೆಗೂ ನಡುವೆ ಜಾಗವಿಲ್ಲದಿದ್ದರೆ ಅದು ಕಿವಿಗೆ ಅಂಟಿಕೊಂಡು ಕೂಗಿದಂತಾಗುತ್ತದೆ. ಹಿಂದೆ ಯಾರೋ ಇದ್ದಾರೆ ಎನ್ನಿಸುವುದಿಲ್ಲ. ಸೋಫಾವನ್ನು ಮುಂದಕ್ಕೆ ತರಬೇಕೆಂದು ನಾನು ಹೇಳಿದೆ. ಯಜಮಾನರು ಖಡಾಖಂಡಿತವಾಗಿ ಒಪ್ಪಲಿಲ್ಲ. ಟೀಚರಮ್ಮನವರು ಅಡುಗೆಮನೆಯ ಬಾಗಿಲಿನಿಂದ ಶೋಕೇಸು, ಶೋಕೇಸಿನಿಂದ ಗೋಡೆ, ಗೋಡೆಯಿಂದ ಸೋಫಾದ ತೋಳು ಎಂದು ಕೈಯಿಂದಲೇ ಮನೆಯನ್ನು ಕಲಿತುಕೊಂಡಿದ್ದಾರೆ. ಅದನ್ನು ಕದಲಿಸಿದರೆ ಮತ್ತೆ ಮೊದಲಿನಿಂದ ಕಲಿಯಬೇಕು, ಬಿದ್ದರೆ ಯಾರು ಹೊಣೆ ಎಂದು ಕೇಳಿದರು. ಅವರ ಮಾತು ನ್ಯಾಯವಾಗಿತ್ತು. ಹಿಂದಿನ ಎರಡನ್ನು ಕೈಬಿಟ್ಟು ಮೇಲಿನ ಎರಡನ್ನು ಮಾತ್ರ ಹಾಕೋಣವೆಂದು ನಾನು ಷಡ್ಡಕನಿಗೆ ಹೇಳುತ್ತಿರುವಾಗ, ಒಳಗಿದ್ದ ಟೀಚರಮ್ಮನವರು ಹಾಲಿಗೆ ಬಂದು, ಸೋಫಾ ಎಷ್ಟು ಮುಂದೆ ಬರಬೇಕೆಂದು ಕೇಳಿದರು. ನಾನು ಅವರ ಕೈಯನ್ನು ಟೇಪಿನ ತುದಿಗೆ ಮುಟ್ಟಿಸಿ ತೋರಿಸಿದೆ.

“ಹಾಕ್ರಿ,” ಎಂದರು. “ಹಿಂದೆ ಹಾದಿ ಬಿಡ್ರಿ. ಸೋಫಾದ ಬೆನ್ನು ಹಿಡ್ಕೊಂಡು ಹೋಗ್ತೀನಿ. ಗೋಡೆಗಿಂತ ಮೆತ್ತಗಾದ್ರೂ ಐತೆ.”

ಸೋಫಾ ಸರಿಸಿದ ದಿನವೇ ಅದರ ಮೂಲೆಗೆ ಅವರ ಮೊಣಕಾಲು ತಾಗಿತು. ಅವರು ಆ ಮೂಲೆಯನ್ನು ಕೈಯಿಂದ ಸವರಿ ಗುರುತು ಮಾಡಿಕೊಂಡು ಮುಂದೆ ಹೋದರು. ಯಜಮಾನರು ನನ್ನೊಡನೆ ಸಂಜೆಯವರೆಗೂ ಮಾತಾಡಲಿಲ್ಲ.

ಯಂತ್ರಕ್ಕೆ ಕೈಹಾಕುವ ಮೊದಲು ಪೂಜೆ ಮಾಡುವುದು ನಮ್ಮಲ್ಲಿ ಬಿಡಲಾಗದ ಪದ್ಧತಿ. ಮನೆಗೆ ಬಂದ ಹೊಸ ವಸ್ತು ಕುಕ್ಕರೇ ಇರಲಿ, ಟ್ರ್ಯಾಕ್ಟರೇ ಇರಲಿ, ಅದಕ್ಕೆ ವಿಭೂತಿ ಕುಂಕುಮ ಇಡದೆ ಬಳಸುವವರಿಲ್ಲ. ನಾನು ಜಮಖಾನ ಹಾಸಿ ಎಲ್ಲವನ್ನೂ ಸಾಲಾಗಿ ಇಟ್ಟೆ: ರಿಸೀವರ್, ನಾಲ್ಕು ಸ್ಪೀಕರ್, ಷಡ್ಡಕನ ಡ್ರಿಲ್ ಯಂತ್ರ. ರಿಸೀವರಿನ ಜೊತೆಗೆ ಒಂದು ಸಣ್ಣ ಅಳತೆ ಮೈಕು ಬರುತ್ತದೆ, ಕಪ್ಪು ಬಣ್ಣದ್ದು, ಬುಡ ಅಗಲ, ತುದಿ ಮೊನಚು, ಪುಟ್ಟ ಗೋಪುರದಂತೆ. ಅದನ್ನೂ ಇಟ್ಟೆ. ಟೀಚರಮ್ಮನವರು ಚಿಕ್ಕ ಬಟ್ಟಲಿನಲ್ಲಿ ವಿಭೂತಿಯನ್ನು ನೀರಿನಲ್ಲಿ ಕಲಸಿಕೊಂಡು ಬಂದರು. ಒಂದೊಂದನ್ನೇ ನಾನು ಅವರ ಕೈಗೆ ಮುಟ್ಟಿಸಿ ಹೆಸರು ಹೇಳಿದೆ. ಅವರು ಬೆರಳಿನಿಂದ ಅದರ ಹಣೆ ಎಲ್ಲಿದೆಯೆಂದು ಹುಡುಕಿ ವಿಭೂತಿ ಹಚ್ಚಿ, ನಡುವೆ ಕುಂಕುಮ ಇಟ್ಟರು. ಮೈಕು ಕೈಗೆ ಬಂದಾಗ ಎಲ್ಲಿ ಇಡಬೇಕೆಂದು ಕೇಳಿದರು. ತುದಿಗೆ ಇಡಿ ಎಂದು ಹೇಳಿ, ನಾನು ಕೈಮುಗಿದು ನಿಂತೆ. ತೆಂಗಿನಕಾಯಿ ಒಡೆದೆವು. ಕಾಯಿ ಚೆನ್ನಾಗಿಯೇ ಒಡೆಯಿತು.

ಕೊರೆಯುವ ಕೆಲಸ ಸುಗಮವಾಗಿ ಸಾಗಿತು. ಸೀಲಿಂಗಿನ ಹಾಳೆಯ ಹಿಂದೆ ಕಬ್ಬಿಣದ ಪಟ್ಟಿಗಳು ಎಲ್ಲೆಲ್ಲಿವೆ ಎಂಬುದನ್ನು ಷಡ್ಡಕ ಬೆರಳಿನಿಂದ ತಟ್ಟಿಯೇ ಗುರುತಿಸಿ, ಅವುಗಳಿಗೆ ತಾಗದಂತೆ ಎರಡು ದುಂಡನೆಯ ರಂಧ್ರ ಕೊರೆದ. ಸೀಲಿಂಗಿನೊಳಗೆ ಸ್ಪೀಕರಿನ ವೈರು ದೀಪಗಳ ವೈರಿನ ಜೊತೆಜೊತೆಗೆ ಹೋದರೆ ಗುಂಯ್‌ಗುಡುವ ಸದ್ದು ಸೇರಿಕೊಳ್ಳುವ ಭಯವಿರುತ್ತದೆ. ಆದ್ದರಿಂದ ದಾರಿ ಸುತ್ತಾದರೂ ಬೇರೆ ಕಡೆಯಿಂದ ಎಳೆದೆವು. ಹಿಂದಿನ ಗೋಡೆಯ ಎರಡು ಸ್ಪೀಕರ್‌ಗಳನ್ನು ಕೂತವರ ಕಿವಿಗಿಂತ ತುಸು ಎತ್ತರದಲ್ಲಿ, ಸೋಫಾದ ಕಡೆಗೆ ಸ್ವಲ್ಪ ತಿರುಗಿಸಿ ಕೂರಿಸಿದೆವು. ಎಲ್ಲವೂ ಮೊಳೆ ಹೊಡೆದಷ್ಟು ನೇರವಾಗಿ ಮುಗಿದದ್ದರಿಂದ ನನಗೆ ಸ್ವಲ್ಪ ಹೆಮ್ಮೆಯೂ ಆಗಿತ್ತೆಂದು ಒಪ್ಪಿಕೊಳ್ಳುತ್ತೇನೆ.

ಅನಂತರ ಅಳತೆ. ಅದರ ಕ್ರಮ ಹೀಗೆ: ಮೈಕನ್ನು ಒಂದು ಸ್ಟ್ಯಾಂಡಿಗೆ ಸಿಕ್ಕಿಸಿ, ಕೇಳುವವರ ತಲೆ ಇರುವ ಜಾಗದಲ್ಲಿ, ಕಿವಿಯ ಎತ್ತರಕ್ಕೆ ನಿಲ್ಲಿಸಬೇಕು. ಫ್ಯಾನು ನಿಲ್ಲಿಸಿ ಎಲ್ಲರೂ ಹೊರಗೆ ಹೋಗಬೇಕು. ರಿಸೀವರ್ ಪ್ರತಿ ಸ್ಪೀಕರಿನಿಂದಲೂ ಒಂದೊಂದು ಬಾರಿ ಸದ್ದು ಹೊರಡಿಸಿ, ಮೈಕು ಕೇಳಿದ್ದನ್ನು ಲೆಕ್ಕ ಹಾಕಿ, ಯಾವುದು ಎಷ್ಟು ದೂರ, ಯಾವುದಕ್ಕೆ ಎಷ್ಟು ಜೋರು ಬೇಕು ಎಂದು ತಾನೇ ನಿಗದಿ ಮಾಡುತ್ತದೆ. ನಾವು ವರಾಂಡದಲ್ಲಿ ಉಸಿರು ಬಿಗಿಹಿಡಿದು ನಿಂತೆವು. ಅದು ಮುಗಿಸಿ, ಹಿಂದಿನ ಬಲಗಡೆಯ ಸ್ಪೀಕರೇ ಇಲ್ಲ ಎಂದು ಪರದೆಯ ಮೇಲೆ ತೋರಿಸಿತು. ಸ್ಪೀಕರ್ ಗೋಡೆಯ ಮೇಲೆ ಹಣೆಗೆ ಕುಂಕುಮ ಇಟ್ಟುಕೊಂಡು ಕಣ್ಣೆದುರೇ ಇತ್ತು.

ಮತ್ತೊಮ್ಮೆ ಮಾಡಿದೆ. ಈ ಬಾರಿ ಎಲ್ಲ ಇವೆ ಎಂದಿತು. ಆದರೆ ಎಲ್ಲವನ್ನೂ ಏರಿಸಬಹುದಾದ ಮಿತಿಯವರೆಗೆ ಏರಿಸಿತ್ತು. ಸಿನಿಮಾ ಹಾಕಿದರೆ ಮಾತಿನ ಪ್ರತಿ ಸಕಾರವೂ ಬಾಣಲೆಯಲ್ಲಿ ಸಾಸಿವೆ ಸಿಡಿದಂತೆ ಕೇಳುತ್ತಿತ್ತು. ಟೀಚರಮ್ಮನವರು ಬಂದು ಕುಳಿತು, ಸ್ವಲ್ಪ ಹೊತ್ತು ಕೇಳಿ, ಕಿವಿಗೆ ಚುಚ್ಚುತ್ತದೆ ಎಂದು ಮೆಲ್ಲಗೆ ಹೇಳಿ ಎದ್ದರು. ಸೋಫಾದ ಬೆನ್ನು ಹಿಡಿದು, ಶೋಕೇಸು ಮುಟ್ಟಿ, ಒಳಗೆ ಹೋದರು. ಯಜಮಾನರು ಅವರು ಹೋದ ಬಾಗಿಲನ್ನೇ ನೋಡುತ್ತಿದ್ದರು.

ಆಮೇಲಿನ ಕೆಲಸವನ್ನು ಬರೆಯಲು ಬೇಸರವಾಗುತ್ತದೆ. ನಾನು ಪ್ರತಿ ವೈರನ್ನೂ ಕಳಚಿ ನೋಡಿದೆ. ಪ್ರತಿ ಸ್ಪೀಕರಿಗೂ ಟಾರ್ಚಿನ ಸೆಲ್ ಮುಟ್ಟಿಸಿ ಟಪ್ಪೆನ್ನುವುದನ್ನು ಕೇಳಿದೆ. ಹಿಂದಿನ ಬಲಗಡೆಯ ವೈರು ಒಳಗೆಲ್ಲೋ ಮುರಿದಿರಬಹುದೆಂದು ಅದನ್ನು ಪೂರ್ತಿ ಎಳೆದು ತೆಗೆದು ಹೊಸದನ್ನು ಹಾಕಿದೆವು. ಹೊಸ ವೈರು ಹಾಕಿದರೂ ರಿಸೀವರಿನ ಅಭಿಪ್ರಾಯ ಬದಲಾಗಲಿಲ್ಲ. ಒಂದು ಸಲ ಮೇಲಿನವು ಇಲ್ಲ ಎನ್ನುವುದು, ಇನ್ನೊಂದು ಸಲ ಎಡಗಡೆಯದು ಪಕ್ಕದ ಮನೆಯಷ್ಟು ದೂರದಲ್ಲಿದೆ ಎನ್ನುವುದು. ಕಡೆಗೆ ಯಜಮಾನರು ನನ್ನ ಹೆಗಲ ಮೇಲೆ ಕೈಯಿಟ್ಟರು.

“ಹೋಗ್ಲಿ ಬಿಡ್ರಿ. ಹಳೇದನ್ನೇ ಮತ್ತೆ ಕೂರಿಸಿಬಿಡ್ರಿ. ಆಕೆ ನನ್ನ ಸಮಾಧಾನಕ್ಕೆ ಹೂಂ ಅಂದಿದ್ದು, ಅಷ್ಟೇ.”

ಬೈಗುಳವಾಗಿದ್ದರೆ ತಡೆದುಕೊಳ್ಳಬಹುದಿತ್ತು. ಸಾಮಾನು ಕಟ್ಟಲು ಆರಂಭಿಸಿದೆ. ಷಡ್ಡಕ ಸ್ಟ್ಯಾಂಡಿನಿಂದ ಮೈಕನ್ನು ಬಿಡಿಸಿ, ಬಾಗಿಲಿನ ಬಿಸಿಲಿನಲ್ಲಿ ತಿರುಗಿಸಿ ನೋಡುತ್ತಾ ನಿಂತಿದ್ದ.

“ಅಣ್ಣಾ, ಇದಕ್ಕೆ ಕಿವಿ ಎಲ್ಲೈತೆ?”

ತುದಿಯಲ್ಲಿ ಸೂಜಿ ತೂರುವಷ್ಟು ಸಣ್ಣ ತೂತು ಇರುತ್ತದೆ, ಅದೇ ಕಿವಿ ಎಂದು ಹೇಳಿ ಬೆರಳಿಟ್ಟು ತೋರಿಸಲು ಹೋದೆ. ಬೆರಳಿಗೆ ತಾಗಿದ್ದು ಸುಣ್ಣದಂತೆ ಗಟ್ಟಿಯಾಗಿದ್ದ ವಿಭೂತಿ. ಅದರ ನಡುವೆ ಕುಂಕುಮ.

ಇಷ್ಟು ದಿನ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲವೇ ಎಂದು ತಾವು ಕೇಳಬಹುದು. ಬಿದ್ದಿತ್ತು. ಸ್ಟ್ಯಾಂಡಿಗೆ ಸಿಕ್ಕಿಸುವಾಗಲೆಲ್ಲ ನೋಡಿದ್ದೆ. ಆದರೆ ಆ ಹಾಲಿನಲ್ಲಿದ್ದ ಪ್ರತಿ ವಸ್ತುವಿನ ಹಣೆಯ ಮೇಲೂ ಅದೇ ಬಿಳುಪು, ಅದೇ ಕೆಂಪು ಇತ್ತು. ಪೂಜೆಯಾದ ವಸ್ತುವಿನ ಮೇಲಿನ ಕುಂಕುಮವನ್ನು ದೋಷವೆಂದು ನೋಡುವ ಕಣ್ಣು ನಮ್ಮ ಕಡೆ ಯಾರಿಗೂ ಇಲ್ಲ. ಅದನ್ನು ಒರೆಸುವ ಕೈಯೂ ಇಲ್ಲ.

“ಕಿವಿ ತುಂಬ ವಿಭೂತಿ ಮೆತ್ತಿ, ಯಾಕೆ ಕೇಳಿಸ್ತಿಲ್ಲ ಅಂತ ಬೈತಾ ಕುಂತಿದೀವಲ್ಲ ಅಣ್ಣಾ,” ಎಂದ ಷಡ್ಡಕ. “ಪಾಪ, ಅದು ಧ್ಯಾನದಾಗೆ ಐತೆ.”

ನಗು ಬಂತು. ತಡೆದುಕೊಂಡೆವು. ಆದರೆ ಆ ಮನೆಯಲ್ಲಿ ಪಿಸುಮಾತೂ ಅಡುಗೆಮನೆಗೆ ಕೇಳುತ್ತದೆಂಬುದನ್ನು ಮರೆತಿದ್ದೆವು. ಟೀಚರಮ್ಮನವರು ಬಾಗಿಲಿಗೆ ಬಂದು ನಿಂತಿದ್ದರು. ಅದಕ್ಕೆ ವಿಭೂತಿ ಇಟ್ಟವಳು ನಾನೇ ಅಲ್ಲವೇ ಎಂದು ಕೇಳಿದರು. ಅವರ ಧ್ವನಿ ತಗ್ಗಿತ್ತು. ಯಜಮಾನರು ಏನೋ ಹೇಳಲು ಬಾಯಿ ತೆರೆದರು. ಅವರಿಗಿಂತ ಮೊದಲು ನಾನು ಹೇಳಿದೆ.

“ನಿಮ್ಮ ಕೈಗೆ ಕೊಟ್ಟೋನು ನಾನು ಟೀಚರಮ್ಮ. ತುದೀಗೇ ಇಡ್ರಿ ಅಂದೋನೂ ನಾನೇ. ನನಗೆ ಎರಡೂ ಕಣ್ಣು ನೆಟ್ಟಗವೆ.”

ಅವರು ಕೈ ಚಾಚಿ ಮೈಕನ್ನು ಇಸಿದುಕೊಂಡು ಅದರ ತುದಿಯನ್ನು ಸವರಿದರು. ಆಮೇಲೆ ಅವರ ಹೊಟ್ಟೆ ಕುಲುಕತೊಡಗಿತು. ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕರು. ಆ ಮನೆಗೆ ಈ ಕೆಲಸಕ್ಕಾಗಿ ಹೋದ ಮೇಲೆ ಅವರು ಹಾಗೆ ನಕ್ಕಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಮೃದುವಾದ ಬ್ರಷ್ಷಿನಿಂದ ಉಜ್ಜಿ ನೋಡಿದೆ. ಒಳಗೆ ಇಳಿದು ಒಣಗಿದ್ದು ಹೊರಗೆ ಬರಲಿಲ್ಲ. ಹಳೆಯ ರಿಸೀವರಿನ ಮೈಕು ಇದಕ್ಕೆ ಹೊಂದುವುದಿಲ್ಲ. ದಾವಣಗೆರೆಯ ಅಂಗಡಿಯವರನ್ನು ವಿಚಾರಿಸಿದಾಗ, ಬೇರೆ ಮೈಕು ತರಿಸಿಕೊಡುತ್ತೇವೆ, ಯಾವಾಗ ಬರುತ್ತದೆಂದು ಹೇಳಲಾಗದು ಎಂದರು. ಬಂದ ಮೇಲೆ ನೋಡೋಣ ಎಂದು ಹೇಳಿ ಚನ್ನಗಿರಿಗೆ ಹಿಂತಿರುಗುವುದು ಸುಲಭವಿತ್ತು. ಆದರೆ ಯಜಮಾನರ ಮುಖ ನೋಡಿದಾಗ, ಈ ಬಾರಿ ಹೋದರೆ ಅವರು ಮತ್ತೆ ನನ್ನನ್ನು ಕರೆಯಲಾರರು, ಟೀಚರಮ್ಮನವರು ಮತ್ತೆ ಆ ಸೋಫಾದಲ್ಲಿ ಕೂರಲಾರರು ಎನ್ನಿಸಿತು.

ಆಗ ನನಗೆ ಒಂದು ವಿಷಯ ಹೊಳೆಯಿತು. ಸದರಿ ಮೈಕನ್ನು ಸೋಫಾದಲ್ಲಿ ಕೂರಿಸುವುದು ಕೇಳುವವರ ಬದಲಿಗೆ. ಕೇಳುವವರು ಮನೆಯಲ್ಲೇ ಇರುವಾಗ ಬದಲಿ ಆಳು ಯಾತಕ್ಕೆ? ರಿಸೀವರಿನಲ್ಲಿ ಕೈಯಿಂದಲೇ ಎಲ್ಲವನ್ನೂ ಹೊಂದಿಸುವ ದಾರಿಯೂ ಇದೆ. ಅದು ಹಳೆಯ ಕಾಲದ ವಿಧಾನವೆಂದು ನಮ್ಮ ಕಸುಬಿನವರು ಈಗ ಅದರ ಕಡೆ ನೋಡುವುದಿಲ್ಲ. ತಪ್ಪಾದರೆ ಯಂತ್ರದ ಮೇಲೆ ಹಾಕಲೂ ಬರುವುದಿಲ್ಲ. ಆದರೂ ಹಾಗೆಯೇ ಮಾಡುವುದೆಂದು ತೀರ್ಮಾನಿಸಿದೆ.

ಮರುದಿನ ಬೆಳಗಿನ ತಿಂಡಿಯಾದ ಮೇಲೆ ಟೀಚರಮ್ಮನವರನ್ನು ಸೋಫಾದಲ್ಲಿ ಕೂರಿಸಿದೆವು. ಅವರ ಕಿವಿಯಿಂದ ಪ್ರತಿ ಸ್ಪೀಕರಿಗೆ ಇರುವ ದೂರವನ್ನು ಟೇಪಿನಿಂದ ಅಳೆದು ರಿಸೀವರಿಗೆ ಕೊಟ್ಟೆ. ಅನಂತರ ಒಂದೊಂದೇ ಸ್ಪೀಕರಿನಿಂದ ಸುಂಯ್ ಎನ್ನುವ ಪರೀಕ್ಷೆಯ ಸದ್ದು ಬಿಡುವುದು, ಅದು ಬಂದ ಕಡೆಗೆ ಅವರು ಬೆರಳು ಮಾಡುವುದು, ಸಮನಾಗಿ ಕೇಳುತ್ತಿದೆಯೋ ಇಲ್ಲವೋ ಹೇಳುವುದು. ಯಜಮಾನರು ಎದುರಿಗೆ ನೆಲದ ಮೇಲೆ ಕುಳಿತು, ಬೆರಳು ಸರಿಯಾದ ಕಡೆ ಹೋದಾಗಲೆಲ್ಲ ಶಭಾಷ್ ಎನ್ನುತ್ತಿದ್ದರು.

“ಸರಿ ತಪ್ಪು ಹೇಳಬ್ಯಾಡ್ರಿ,” ಎಂದರು ಟೀಚರಮ್ಮ. “ಪರೀಕ್ಷೆ ನಡೀತಾ ಇರಬೇಕಾದ್ರೆ ಉತ್ತರ ಹೇಳೋರನ್ನ ನಾನು ಹೊರಗೆ ಕಳಿಸ್ತಿದ್ದೆ.”

ಟಿವಿಯ ಬಳಿಯ ಮೂರನ್ನು ಅವರು ತಡವಿಲ್ಲದೆ ತೋರಿಸಿದರು. ಬಲಗಡೆಯ ಗೋಡೆಯದಕ್ಕೆ ಬಂದಾಗ ಬೆರಳು ಬಲಕ್ಕೆ ಹೋಗದೆ ಶೋಕೇಸಿನ ಕಡೆ ಹೋಯಿತು. ಮತ್ತೆ ಬಿಟ್ಟೆ. ಮತ್ತೆ ಅಲ್ಲಿಗೇ ಹೋಯಿತು. ನಾನು ಅವರ ಪಕ್ಕದಲ್ಲಿ ತಲೆಯಿಟ್ಟು ಕೇಳಿದೆ. ಆ ಸ್ಪೀಕರಿನ ಸದ್ದು ಎದುರಿನ ಶೋಕೇಸಿನ ಗಾಜಿಗೆ ಬಡಿದು ಹಿಂತಿರುಗಿ ಬರುತ್ತಿತ್ತು. ಕೋಣೆಯೊಳಗಿನ ಕೌದಿಯೊಂದನ್ನು ತಂದು ಶೋಕೇಸಿನ ಮೇಲೆ ಇಳಿಬಿಟ್ಟು, ಸ್ಪೀಕರನ್ನು ಸ್ವಲ್ಪ ತಿರುಗಿಸಿದೆ. ಬೆರಳು ಬಲಗಡೆಯ ಗೋಡೆಗೆ ಬಂತು. ಹೊಸ ಸ್ಟೀಲ್ ಪಾತ್ರೆಗಳನ್ನು ಜೋಡಿಸಿಟ್ಟ ಶೋಕೇಸಿಗೆ ಕೌದಿ ಹೊದಿಸಿದ್ದು ಯಜಮಾನರಿಗೆ ಸರಿಬರಲಿಲ್ಲ. ಬಂದವರು ಏನೆಂದುಕೊಳ್ಳುತ್ತಾರೆ ಎಂದರು. ಬಂದವರು ಬಂದಾಗ ತೆಗೆದರಾಯಿತೆಂದು ಟೀಚರಮ್ಮ ತೀರ್ಪು ಕೊಟ್ಟರು.

ಹಿಂದಿನ ಎರಡೂ ಒಂದೊಂದಾಗಿ ಬಂದಾಗ ಬೆರಳು ಸರಿಯಾಗಿಯೇ ಹೋಯಿತು. ಆದರೆ ಎರಡರಿಂದಲೂ ಒಟ್ಟಿಗೆ ಒಂದೇ ಹಾಡು ಬಿಟ್ಟಾಗ ಅವರು ಕೈಯನ್ನು ಎತ್ತಲೇ ಇಲ್ಲ.

“ಇದು ಎಲ್ಲೂ ಇಲ್ಲ,” ಎಂದರು. “ನನ್ನ ತಲೆಯೊಳಗೆ ಇದ್ದಂಗೈತೆ.”

ಈ ಮಾತಿನ ಅರ್ಥ ನನ್ನ ಕಸುಬಿನವರಿಗೆ ತಕ್ಷಣ ತಿಳಿಯುತ್ತದೆ. ಎರಡು ಸ್ಪೀಕರ್‌ಗಳಲ್ಲಿ ಒಂದರ ವೈರು ಪ್ಲಸ್ ಮೈನಸ್ ಅದಲುಬದಲಾಗಿದ್ದರೆ, ಒಂದು ಮುಂದಕ್ಕೆ ತಳ್ಳುವಾಗ ಇನ್ನೊಂದು ಹಿಂದಕ್ಕೆ ಎಳೆದು, ಸದ್ದಿಗೆ ನಿಲ್ಲಲು ಜಾಗವೇ ಇಲ್ಲದಂತಾಗುತ್ತದೆ. ಗಾಬರಿಯಲ್ಲಿ ವೈರುಗಳನ್ನು ಬಿಚ್ಚಿ ಹಾಕಿದ ದಿನ ಹಿಂದಿನ ಎಡಗಡೆಯದನ್ನು ಮತ್ತೆ ಸೇರಿಸಿದವನು ಷಡ್ಡಕ. ಆತ ಸದ್ದಿಲ್ಲದೆ ಸೋಫಾದ ಹಿಂದೆ ಹೋಗಿ, ವೈರು ಬಿಚ್ಚಿ, ತಿರುಗಿಸಿ ಸೇರಿಸಿ, ಬಂದ. ಇಡೀ ದಿನದಲ್ಲಿ ಆತ ಮಾತಿಲ್ಲದೆ ಮಾಡಿದ ಕೆಲಸ ಅದೊಂದೇ. ಅದೇ ಹಾಡನ್ನು ಮತ್ತೆ ಬಿಟ್ಟೆ. ಟೀಚರಮ್ಮನವರು ಕತ್ತು ತಿರುಗಿಸದೆ, ಹೆಬ್ಬೆರಳನ್ನು ಭುಜದ ಮೇಲಿನಿಂದ ನೇರ ಹಿಂದಕ್ಕೆ ಮಾಡಿದರು.

ಮೇಲಿನ ಎರಡರ ವಿಷಯದಲ್ಲಿ ಮಾತ್ರ ನಮಗೆ ಜಯ ಸಿಗಲಿಲ್ಲ. ಅವರು ಪ್ರತಿ ಬಾರಿಯೂ ಟಿವಿಯ ಮೇಲ್ಭಾಗವನ್ನೇ ತೋರಿಸಿದರು. ತಲೆಯ ಮೇಲಿದೆ ಎಂದರೆ ಒಪ್ಪಲಿಲ್ಲ. ನಾನು ಕಣ್ಣು ಮುಚ್ಚಿ ಕೂತು ಪರೀಕ್ಷಿಸಿದಾಗ ನನ್ನ ಬೆರಳೂ ಅಲ್ಲಿಗೇ ಹೋಯಿತು, ಯಜಮಾನರದು ಫ್ಯಾನಿನ ಕಡೆ ಹೋಯಿತು. ಎತ್ತರವನ್ನು ಹೇಳುವುದರಲ್ಲಿ ಮನುಷ್ಯನ ಕಿವಿ ಅಷ್ಟೊಂದು ಚುರುಕಲ್ಲ ಎಂದು ಕೇಳಿದ್ದೆ, ಅಂದು ಖಚಿತವಾಯಿತು. ರಂಧ್ರವನ್ನು ಬೇರೆ ಕಡೆ ಕೊರೆಯುವಂತಿರಲಿಲ್ಲ. ಅವುಗಳ ಜೋರನ್ನು ಸ್ವಲ್ಪ ತಗ್ಗಿಸಿ ಹಾಗೆಯೇ ಬಿಟ್ಟೆ. ಮಳೆಯ ದೃಶ್ಯವೊಂದನ್ನು ಹಾಕಿದಾಗ, ಮಳೆ ಮಳೆಯಂತೆಯೇ ಇದೆ, ಎಲ್ಲಿಂದ ಬಂದರೇನು ಎಂದರು.

ಕೊನೆಯದಾಗಿ ಒಂದು ಕೆಲಸ ಉಳಿದಿತ್ತು. ಹಳೆಯ ಚಿತ್ರಗಳ ಧ್ವನಿಯನ್ನು ಒಂಬತ್ತಕ್ಕೂ ಹಂಚಿಬಿಡುವ ಸೌಲಭ್ಯ ಆ ರಿಸೀವರಿನಲ್ಲಿದೆ. ಕೇಳಲು ತುಂಬಿದಂತೆ ಇರುತ್ತದೆ. ಆದರೆ ಮಾತು ಹಾಡು ಎಲ್ಲ ಕಲಸಿ, ಯಾವುದು ಎಲ್ಲಿಂದ ಎಂದು ತಿಳಿಯುವುದಿಲ್ಲ. ಯಜಮಾನರಿಗೆ ಅದು ಬಹಳ ಹಿಡಿಸಿತ್ತು. ಒಂಬತ್ತು ಇರುವಾಗ ಎಲ್ಲವೂ ಮಾತಾಡಲಿ ಎನ್ನುವುದು ಅವರ ವಾದ. ಟೀಚರಮ್ಮನವರಿಗೆ ಗೊಂದಲವಾಗುತ್ತಿದ್ದುದರಿಂದ, ಹಳೆಯ ಚಿತ್ರಕ್ಕೆ ಒಂದು ಗುಂಡಿ, ಹೊಸ ಚಿತ್ರಕ್ಕೆ ಇನ್ನೊಂದು ಗುಂಡಿ ಎಂದು ಹೊಂದಿಸಿ, ರಿಮೋಟಿನಲ್ಲಿ ಆ ಎರಡರ ಮೇಲೂ ಗಟ್ಟಿಯಾಗುವ ಅಂಟಿನ ಒಂದೊಂದು ಹನಿ ಇಟ್ಟು, ಒಂದನ್ನು ದುಂಡಗೆ, ಒಂದನ್ನು ಉದ್ದಗೆ ಮಾಡಿದೆ. ಚಿತ್ರವನ್ನು ತಡೆದು ನಿಲ್ಲಿಸುವ ಗುಂಡಿಗೂ ಒಂದು ಸಣ್ಣ ಚುಕ್ಕೆ ಇಟ್ಟೆ. ಅವರು ಹೆಬ್ಬೆರಳಿನಿಂದ ಸವರಿ ನೋಡಿ, ರಿಮೋಟನ್ನು ತಮ್ಮ ಮಡಿಲಲ್ಲೇ ಇಟ್ಟುಕೊಂಡರು. ಅಂದು ಸಂಜೆಗೆ ನಾವು ಹೊರಟೆವು. ಆಮೇಲೆ ಸಿನಿಮಾ ಹಾಕಿ ನೋಡಿದಿರಾ ಎಂದು ಕೇಳುವ ಧೈರ್ಯ ನನಗೆ ಆಗಲಿಲ್ಲ. ದೂರವಾಣಿ ಮಾಡಲೂ ಇಲ್ಲ.

ದಾವಣಗೆರೆಯಿಂದ ಮೈಕು ಬಂದ ಮೇಲೆ ಅದನ್ನು ತೆಗೆದುಕೊಂಡು ನಾನೊಬ್ಬನೇ ನ್ಯಾಮತಿಗೆ ಹೋದೆ. ಸಂಜೆಯಾಗಿತ್ತು. ಬಾಗಿಲು ಹಾಕಿರಲಿಲ್ಲ. ಇಬ್ಬರೂ ಸೋಫಾದಲ್ಲಿ ಕುಳಿತಿದ್ದರು, ಶೋಕೇಸಿನ ಮೇಲೆ ಕೌದಿ ಇತ್ತು, ಟಿವಿಯಲ್ಲಿ ಈಚಿನ ಚಿತ್ರವೊಂದು ನಡೆಯುತ್ತಿತ್ತು. ಯಜಮಾನರು ನನ್ನನ್ನು ನೋಡಿ, ಮಾತಾಡಬೇಡಿ ಎಂಬಂತೆ ಕೈಮಾಡಿ, ಕುರ್ಚಿ ತೋರಿಸಿದರು. ಮೈಕನ್ನು ತೋರಿಸಿದೆ. ಈಗ ಬೇಡ, ಮುಂದೆ ಬೇಕಾದರೆ ನೋಡೋಣ ಎಂದು ಸನ್ನೆಯಲ್ಲೇ ಹೇಳಿದರು.

ಪರದೆಯ ಮೇಲೆ ಒಬ್ಬಾತ ಮೇಜಿನ ಮುಂದೆ ಕುಳಿತು ಏನೋ ಓದುತ್ತಿದ್ದ. ಬೇರೆ ಯಾರೂ ಇರಲಿಲ್ಲ. ಸಂಗೀತವೂ ಇರಲಿಲ್ಲ.

“ಯಾರೋ ಬಂದ್ರು,” ಎಂದರು ಟೀಚರಮ್ಮ.

“ಯಾರೂ ಇಲ್ಲ. ಅವನೊಬ್ನೇ ಕುಂತವ್ನೆ,” ಎಂದರು ಯಜಮಾನರು.

“ಬಂದಾರೆ ತಡೀರಿ. ಹಿಂದೆ, ಎಡಗಡೆ. ಚಪ್ಲಿ ಬಿಟ್ಟು ಬಂದಾರೆ.”

ಪರದೆಯ ಮೇಲಿನವನು ತಲೆಯೆತ್ತಿ ಹಿಂತಿರುಗಿದ. ದೃಶ್ಯವೂ ಅವನೊಂದಿಗೆ ತಿರುಗಿತು. ಬಾಗಿಲಿನ ಒಳಗೆ ಒಬ್ಬ ಹೆಂಗಸು ಬರಿಗಾಲಿನಲ್ಲಿ ನಿಂತಿದ್ದಳು. ಯಜಮಾನರು ಅಭ್ಯಾಸಬಲದಿಂದ, ಈಗ ಒಬ್ಬಳು ಎಂದು ಆರಂಭಿಸಿ, ಅಲ್ಲಿಗೇ ನಿಲ್ಲಿಸಿ, ಹೆಂಡತಿಯ ಮುಖ ನೋಡಿದರು.

“ಬಂದಿದ್ದು ನನಗೆ ಗೊತ್ತಾತು,” ಎಂದರು ಟೀಚರಮ್ಮ. “ಸೀರೆ ಯಾವ ಬಣ್ಣದ್ದು ಉಟ್ಟವ್ಳೆ, ಅಷ್ಟು ಹೇಳ್ರಿ.”

“ನೀಲಿ,” ಎಂದರು ಯಜಮಾನರು. ಸ್ವಲ್ಪ ಮುಂದಕ್ಕೆ ಬಾಗಿದರು. “ಹಸಿರು ಇರ್ಬೇಕು.”

“ಸರಿಯಾಗಿ ನೋಡಿ ಹೇಳ್ರಿ.”

ಅವರು ಕನ್ನಡಕ ಹುಡುಕಲು ಎದ್ದರು. ಟೀಚರಮ್ಮನವರು ರಿಮೋಟನ್ನು ಸವರಿ ಚಿತ್ರವನ್ನು ನಿಲ್ಲಿಸಿ, ಅವರು ಬರುವವರೆಗೆ ಕಾದರು.

ನಡೆದದ್ದನ್ನು ನಡೆದಂತೆಯೇ ತಮ್ಮ ಅವಗಾಹನೆಗೆ ತಂದಿದ್ದೇನೆ. ಇದರಲ್ಲಿ ಕಾಗುಣಿತದ ತಪ್ಪು, ವಾಕ್ಯದ ತಪ್ಪು, ಅಥವಾ ಕಸುಬಿಗೆ ಸಂಬಂಧಿಸಿದ ತಪ್ಪು ಕಂಡುಬಂದಲ್ಲಿ, ಓದಿದವರು ದಯಮಾಡಿ ಕೆಂಪು ಶಾಯಿಯಿಂದಲೇ ತಿದ್ದಿ, ಸರಿಯಾದುದನ್ನು ಪಕ್ಕದಲ್ಲಿ ಬರೆದು ತಿಳಿಸಬೇಕಾಗಿ ಕೋರುತ್ತೇನೆ.

ಇಂತಿ ತಮ್ಮ ವಿಧೇಯ,
ಚನ್ನಗಿರಿಯ ಒಬ್ಬ ವೈರಿಂಗ್ ಕೆಲಸಗಾರ